ನಯಾಗರ ಜಲಪಾತದ ಸಾಹಸಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಯಾಗರದ ಮಾತು ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ. "ಪೀಪಾಯಿಯೊಳಗೆ ಕೂತು ಯಾರೋ ಬಿದ್ದರಂತಲ್ಲ, ನಿಜವಾ?" "ಹಗ್ಗದ ಮೇಲೆ ನಡೆದು ದಾಟಿದರಂತಲ್ಲ, ಹೇಗೆ?" ಎರಡೂ ನಿಜ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅಂತ ನನಗೆ ಅನಿಸುತ್ತದೆ. ಹಗ್ಗದ ಮೇಲೆ ನಡೆದವರ ಕಾಲಲ್ಲಿ ವರ್ಷಗಟ್ಟಲೆ ಕಲಿತ ವಿದ್ಯೆ ಇತ್ತು. ಪೀಪಾಯಿಯೊಳಗೆ ಕೂತವರಿಗೆ ಮುಚ್ಚಳ ಬಿದ್ದ ಮೇಲೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ನಯಾಗರ ಅಂದರೆ ಒಂದೇ ಜಲಪಾತವಾ?

ಅಲ್ಲ, ಮೂರು. ಈರಿ ಸರೋವರದಿಂದ ಒಂಟಾರಿಯೊ ಸರೋವರಕ್ಕೆ ಹರಿಯುವ ನಯಾಗರ ನದಿ ಅಮೆರಿಕ ಮತ್ತು ಕೆನಡಾದ ಗಡಿಯಲ್ಲಿ ಧುಮುಕುತ್ತದೆ. ದೊಡ್ಡದು ಕುದುರೆಲಾಳದ ಆಕಾರದ ಹಾರ್ಸ್‌ಶೂ ಜಲಪಾತ, ಎತ್ತರ ಸುಮಾರು 57 ಮೀಟರ್. ಪಕ್ಕದಲ್ಲಿ ಅಮೆರಿಕನ್ ಜಲಪಾತ, ಅದಕ್ಕೆ ಅಂಟಿಕೊಂಡಂತೆ ಸಣ್ಣದಾದ ಬ್ರೈಡಲ್ ವೇಲ್.

ಪೀಪಾಯಿಯಲ್ಲಿ ಜಲಪಾತದಿಂದ ಬಿದ್ದ ಕತೆಗಳೆಲ್ಲ ಹಾರ್ಸ್‌ಶೂನಲ್ಲೇ ನಡೆದದ್ದು. ಅಮೆರಿಕನ್ ಜಲಪಾತದ ಬುಡದಲ್ಲಿ ಕುಸಿದು ಬಿದ್ದ ಬಂಡೆಗಳ ರಾಶಿಯೇ ಇದೆ. ಅಲ್ಲಿ ಬಿದ್ದರೆ ನೀರಿಗೆ ಬೀಳುವುದಿಲ್ಲ, ಕಲ್ಲಿಗೆ ಬೀಳುತ್ತೀರಿ. ಹಾರ್ಸ್‌ಶೂ ಕೆಳಗೆ ಆಳವಾದ ಮಡು ಇದೆ. ಬದುಕಿದವರೆಲ್ಲ ಬದುಕಿದ್ದು ಆ ಮಡುವಿನ ದಯೆಯಿಂದ.

ಈ ಹುಚ್ಚು ಶುರುವಾದದ್ದು ಯಾವಾಗ?

1825ರಲ್ಲಿ ಈರಿ ಕಾಲುವೆ ತೆರೆಯಿತು. ಅಲ್ಲಿವರೆಗೆ ದೂರವಾಗಿದ್ದ ನಯಾಗರ ಜನಸಾಮಾನ್ಯರಿಗೂ ಹತ್ತಿರವಾಯಿತು. ಹೋಟೆಲುಗಳು ಎದ್ದವು. ಬರುವ ಜನ ಇನ್ನೂ ಜಾಸ್ತಿ ಆಗಬೇಕು ಅಂತ ಹೋಟೆಲಿನವರು 1827ರ ಸೆಪ್ಟೆಂಬರ್ 8ರಂದು ಒಂದು ಕೆಲಸ ಮಾಡಿದರು. ಮಿಷಿಗನ್ ಎಂಬ ಹಳೆಯ ಹಡಗಿನಲ್ಲಿ ಕರಡಿ, ಕಾಡೆಮ್ಮೆ, ಹೆಬ್ಬಾತು ಮುಂತಾದ ಪ್ರಾಣಿಗಳನ್ನು ತುಂಬಿ ಜಲಪಾತದ ಕಡೆಗೆ ಬಿಟ್ಟರು. ಸಾವಿರಾರು ಜನ ದಡದಲ್ಲಿ ನಿಂತು ನೋಡಿದರು. ಕರಡಿಗಳು ನಡುವೆಯೇ ನೀರಿಗೆ ಹಾರಿ ಈಜಿಕೊಂಡು ಗೋಟ್ ದ್ವೀಪ ಸೇರಿದವು. ಹಡಗಿನೊಂದಿಗೇ ಕೆಳಗೆ ಬಿದ್ದ ಪ್ರಾಣಿಗಳಲ್ಲಿ ಬದುಕಿದ್ದು ಒಂದು ಹೆಬ್ಬಾತು ಅಂತ ಹೇಳುತ್ತಾರೆ.

ಈ ಘಟನೆ ಓದುವಾಗಲೆಲ್ಲ ನನಗೆ ಹೊಟ್ಟೆ ತೊಳೆಸುತ್ತದೆ. ಆ ಪ್ರಾಣಿಗಳನ್ನು ಯಾರೂ ಕೇಳಿರಲಿಲ್ಲ. ಆದರೆ ನಯಾಗರದ ಸಾಹಸಗಳ ಬೇರು ಇಲ್ಲೇ ಇದೆ. ಸಾವು ಹತ್ತಿರದಲ್ಲಿದ್ದರೆ ಜನ ದುಡ್ಡು ಕೊಟ್ಟು ನೋಡಲು ಬರುತ್ತಾರೆ ಅನ್ನುವುದು ಹೋಟೆಲಿನವರಿಗೆ ಆ ದಿನ ಗೊತ್ತಾಯಿತು.

ಬೇಕಂತಲೇ ಹಾರಿದ ಮೊದಲ ಮನುಷ್ಯ ಯಾರು?

ಸ್ಯಾಮ್ ಪ್ಯಾಚ್. ರೋಡ್ ಐಲೆಂಡ್‌ನ ಪಾಟಕೆಟ್ ಊರಿನ ಹತ್ತಿ ಗಿರಣಿಯಲ್ಲಿ ಕೂಲಿ ಮಾಡಿ ಬೆಳೆದವರು. ಗಿರಣಿಯ ಹುಡುಗರ ಜೊತೆ ನದಿಗೆ ಹಾರಿ ಹಾರಿ ಕಲಿತದ್ದೇ ಅವರ ವಿದ್ಯೆ. 1829ರ ಅಕ್ಟೋಬರ್‌ನಲ್ಲಿ ಗೋಟ್ ದ್ವೀಪದ ಬಳಿ ಕಟ್ಟಿದ ಅಟ್ಟಣೆಯಿಂದ ಜಲಪಾತದ ಬುಡದ ನೀರಿಗೆ ಎರಡು ಸಲ ಹಾರಿದರು. ಎರಡನೇ ಸಲದ ಎತ್ತರ 35 ಮೀಟರಿಗೂ ಹೆಚ್ಚು. ಏನೂ ಆಗದವರಂತೆ ಈಜಿ ದಡಕ್ಕೆ ಬಂದರು.

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಅದೇ ವರ್ಷ ನವೆಂಬರ್ 13ರಂದು ರಾಚೆಸ್ಟರ್‌ನಲ್ಲಿ ಜೆನೆಸೀ ನದಿಯ ಜಲಪಾತದಲ್ಲಿ ಹಾರಿದರು. ಮೇಲೆ ಬರಲೇ ಇಲ್ಲ. ಚಳಿಗಾಲ ಕಳೆದ ಮೇಲೆ ಹೆಣ ಸಿಕ್ಕಿತು.

ಬ್ಲಾಂಡಿನ್ ಹಗ್ಗದ ಮೇಲೆ ದಾಟಿದ್ದು ಜಲಪಾತವನ್ನೇ ಅಲ್ವಾ?

ಬಹಳ ಜನ ಹಾಗೆ ಅಂದುಕೊಂಡಿದ್ದಾರೆ. ದಾಟಿದ್ದು ಜಲಪಾತವನ್ನಲ್ಲ, ಅದರ ಕೆಳಗೆ ನದಿ ಹರಿಯುವ ಆಳವಾದ ಕಮರಿಯನ್ನು. ಹಾಗಂತ ಅದು ಸಣ್ಣ ಮಾತಲ್ಲ.

ಬ್ಲಾಂಡಿನ್ ಫ್ರಾನ್ಸ್‌ನವರು, ಹುಟ್ಟಿದ್ದು 1824ರಲ್ಲಿ. ಚಿಕ್ಕ ವಯಸ್ಸಿನಿಂದಲೇ ಹಗ್ಗದ ಮೇಲೆ ಬೆಳೆದವರು. 1859ರ ಜೂನ್ 30ರಂದು ಅವರು ಮೊದಲ ಸಲ ದಾಟಿದ ಹಗ್ಗ ಸುಮಾರು 335 ಮೀಟರ್ ಉದ್ದ, ಎಂಟು ಸೆಂಟಿಮೀಟರ್ ದಪ್ಪ. ನೀರಿನಿಂದ ಸುಮಾರು 50 ಮೀಟರ್ ಮೇಲೆ. ಅಷ್ಟು ಉದ್ದದ ಹಗ್ಗ ನೆಟ್ಟಗೆ ನಿಲ್ಲುವುದಿಲ್ಲ, ನಡುವೆ ಜೋತು ಬೀಳುತ್ತದೆ. ಅಲುಗಾಡದಂತೆ ಎರಡೂ ದಡದಿಂದ ಅಡ್ಡಹಗ್ಗ ಬಿಗಿದಿದ್ದರು. ಆದರೆ ನಟ್ಟನಡುವೆ ಅವೂ ಇರಲಿಲ್ಲ. ಹಾಗಾಗಿ ಮೊದಲರ್ಧ ಇಳಿಜಾರು, ಕೊನೆಯರ್ಧ ಏರು, ನಡುವೆ ತೂಗುಯ್ಯಾಲೆ. ಕೈಯಲ್ಲಿ ಒಂದು ಉದ್ದನೆಯ ಕೋಲು ಮಾತ್ರ.

ಆ ಕೋಲು ಸುಮ್ನೆ ಹಿಡಿದದ್ದಲ್ಲ. ಉದ್ದವಾದ, ಭಾರವಾದ ಕೋಲು ಬೇಗ ಓಲುವುದಿಲ್ಲ. ಮೈ ಒಂದು ಕಡೆ ವಾಲಲು ಶುರುವಾದರೆ ಸರಿ ಮಾಡಿಕೊಳ್ಳಲು ಒಂದು ಕ್ಷಣ ಜಾಸ್ತಿ ಸಿಗುತ್ತದೆ. ಹಗ್ಗದ ಮೇಲೆ ಆ ಒಂದು ಕ್ಷಣವೇ ಜೀವ.

ಆಮೇಲೆ ಅವರು ಒಂದೊಂದು ಸಲ ಒಂದೊಂದು ರೀತಿ ದಾಟಿದರು. ಕಣ್ಣು ಕಟ್ಟಿಕೊಂಡು, ಒಂಟಿಗಾಲಿಯ ಕೈಗಾಡಿ ತಳ್ಳಿಕೊಂಡು ನಡೆದರು. ಒಲೆ ಹೊತ್ತುಕೊಂಡು ಹೋಗಿ ನಡುಹಗ್ಗದಲ್ಲಿ ಆಮ್ಲೆಟ್ ಮಾಡಿ, ಕೆಳಗಿನ ದೋಣಿಯಲ್ಲಿದ್ದವರಿಗೆ ದಾರ ಕಟ್ಟಿ ಇಳಿಸಿದರು. 1860ರಲ್ಲಿ ಬ್ರಿಟನ್ನಿನ ಯುವರಾಜರ ಎದುರು ಮರಗಾಲು ಕಟ್ಟಿಕೊಂಡು ನಡೆದರು.

ಬೆನ್ನ ಮೇಲೆ ಒಬ್ಬರನ್ನು ಹೊತ್ತು ದಾಟಿದರಂತೆ, ನಿಜವಾ?

ನಿಜ. ನನ್ನ ಪ್ರಕಾರ ನಯಾಗರದಲ್ಲಿ ನಡೆದ ಎಲ್ಲ ಸಾಹಸಗಳಲ್ಲಿ ದೊಡ್ಡದು ಇದೇ. 1859ರ ಆಗಸ್ಟ್‌ನಲ್ಲಿ ತಮ್ಮ ಮ್ಯಾನೇಜರ್ ಹ್ಯಾರಿ ಕಾಲ್‌ಕಾರ್ಡ್ ಅವರನ್ನು ಬೆನ್ನಿಗೇರಿಸಿಕೊಂಡು ಹೊರಟರು. ಹೊರಡುವ ಮುಂಚೆ ಹೇಳಿದ ಮಾತಿನ ಸಾರ ಇಷ್ಟು: ನೀನು ಈಗ ನೀನಲ್ಲ, ನನ್ನ ಮೈಯದೇ ಒಂದು ಭಾಗ. ನಾನು ವಾಲಿದರೆ ನೀನೂ ವಾಲು. ನೀನಾಗಿ ಸಮತೋಲನ ಮಾಡಲು ಹೋಗಬೇಡ, ಹೋದರೆ ಇಬ್ಬರೂ ಸಾಯುತ್ತೇವೆ.

ಒಂದೇ ಉಸಿರಿಗೆ ದಾಟಲು ಆಗಲಿಲ್ಲ. ಬ್ಲಾಂಡಿನ್ ಸುಸ್ತಾದಾಗಲೆಲ್ಲ ಕಾಲ್‌ಕಾರ್ಡ್ ಬೆನ್ನಿನಿಂದ ಇಳಿದು ಅದೇ ಹಗ್ಗದ ಮೇಲೆ ನಿಲ್ಲಬೇಕಿತ್ತು. ನಿಂತು, ಮತ್ತೆ ಹತ್ತಬೇಕಿತ್ತು. ಒಂದು ಸಲವಲ್ಲ, ಹಲವು ಸಲ. ದಾರಿಯಲ್ಲಿ ಒಂದು ಅಡ್ಡಹಗ್ಗ ಬೇರೆ ಕಿತ್ತುಬಂತು. ಬ್ಲಾಂಡಿನ್ ಹೆಸರು ಎಲ್ಲರಿಗೂ ಗೊತ್ತು. ಕಾಲ್‌ಕಾರ್ಡ್ ಹಗ್ಗದ ಆಟಗಾರರಲ್ಲ, ಆದರೂ ಕಾಲ ಕೆಳಗೆ 50 ಮೀಟರ್ ಬಯಲು ಇಟ್ಟುಕೊಂಡು ಇಳಿದು ನಿಂತರಲ್ಲ, ಆ ಗುಂಡಿಗೆಯನ್ನು ಯಾರೂ ನೆನೆಯುವುದಿಲ್ಲ.

ಬ್ಲಾಂಡಿನ್ ಹಗ್ಗದಿಂದ ಬೀಳಲಿಲ್ಲ. 1897ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ, ತಮ್ಮ ಮನೆಯಲ್ಲಿ, ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು.

ಬ್ಲಾಂಡಿನ್‌ಗೆ ಪೈಪೋಟಿ ಕೊಟ್ಟವರು ಯಾರೂ ಇರಲಿಲ್ಲವಾ?

ಇದ್ದರು. ಫರೀನಿ ಎಂಬ ಹೆಸರಿಟ್ಟುಕೊಂಡ ವಿಲಿಯಂ ಹಂಟ್ 1860ರಲ್ಲಿ ಬಂದರು. ಬ್ಲಾಂಡಿನ್ ಒಲೆ ಹೊತ್ತರೆ ಇವರು ಬಟ್ಟೆ ಒಗೆಯುವ ಯಂತ್ರವನ್ನೇ ಬೆನ್ನಿಗೆ ಕಟ್ಟಿಕೊಂಡು ಹೋದರು. ನಡುಹಗ್ಗದಲ್ಲಿ ನಿಂತು, ನದಿಯಿಂದ ನೀರು ಸೇದಿ, ಹೆಂಗಸರ ಕರವಸ್ತ್ರಗಳನ್ನು ಒಗೆದರು.

ಈ ಕಮರಿಯನ್ನು ಹಗ್ಗದ ಮೇಲೆ ದಾಟಿದ ಹೆಂಗಸು ಒಬ್ಬರೇ, ಇಟಲಿಯ ಮರಿಯಾ ಸ್ಪೆಲ್ಟರಿನಿ. 1876ರ ಜುಲೈನಲ್ಲಿ, 23ರ ಹರೆಯದಲ್ಲಿ ದಾಟಿದರು. ಮುಂದಿನ ದಿನಗಳಲ್ಲಿ ಕಾಲಿಗೆ ಹಣ್ಣಿನ ಬುಟ್ಟಿ ಕಟ್ಟಿಕೊಂಡು ಒಮ್ಮೆ, ತಲೆಗೆ ಕಾಗದದ ಚೀಲ ಮುಚ್ಚಿಕೊಂಡು ಒಮ್ಮೆ, ಕೈಕಾಲಿಗೆ ಬೇಡಿ ಹಾಕಿಕೊಂಡು ಒಮ್ಮೆ. ಕಾಲಿಗೆ ಬುಟ್ಟಿ ಕಟ್ಟಿಕೊಂಡ ಅವರ ಫೋಟೋ ಇವತ್ತಿಗೂ ಇದೆ, ಸಿಕ್ಕರೆ ನೋಡಿ. ಮುಖದಲ್ಲಿ ಗಾಬರಿಯ ಗೆರೆ ಒಂದೂ ಇಲ್ಲ.

ಹಗ್ಗದಿಂದ ಬಿದ್ದು ಸತ್ತವರಿಲ್ಲವಾ?

ಒಬ್ಬರಿದ್ದಾರೆ, ಕೆನಡಾ ದಡದವರೇ ಆದ ಸ್ಟೀಫನ್ ಪೀರ್. 1887ರ ಜೂನ್ 22ರಂದು ಜನರೆದುರು ಸಲೀಸಾಗಿ ದಾಟಿದರು. ಮೂರು ದಿನದ ನಂತರ ಅವರ ಹೆಣ ಅದೇ ಹಗ್ಗದ ಕೆಳಗೆ, ದಡದ ಕಲ್ಲುಗಳ ಮೇಲೆ ಸಿಕ್ಕಿತು. ರಾತ್ರಿ ಹೊತ್ತಿನಲ್ಲಿ ನಡೆಯಲು ಹೋದರು ಅನ್ನುವುದು ಆಗಿನ ಜನರ ಮಾತು. ಇಷ್ಟೊಂದು ಜನ ಇಷ್ಟೊಂದು ಸಲ ದಾಟಿಯೂ ಸಾವು ಇಷ್ಟು ಕಮ್ಮಿ. ವಿದ್ಯೆ ಅಂತ ನಾನು ಹೇಳಿದ್ದು ಇದಕ್ಕೇ.

ಈಜಿ ಗೆಲ್ಲಲು ಯಾರಾದರೂ ಹೊರಟರಾ?

ಹೊರಟರು, ಅದೂ ಆ ಕಾಲದ ದೊಡ್ಡ ಈಜುಗಾರರೇ. ಕ್ಯಾಪ್ಟನ್ ಮ್ಯಾಥ್ಯೂ ವೆಬ್ 1875ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರವಾದ ಇಂಗ್ಲಿಷ್ ಕಾಲುವೆಯನ್ನು ಸುಮಾರು 22 ಗಂಟೆ ಈಜಿ ದಾಟಿದ್ದರು. ಯಾವ ಆಸರೆಯೂ ಇಲ್ಲದೆ ಅದನ್ನು ದಾಟಿದವರಲ್ಲಿ ಅವರೇ ಮೊದಲಿಗರು. ಹೆಸರು ಬಂತು, ದುಡ್ಡು ನಿಲ್ಲಲಿಲ್ಲ. 1883ರ ಜುಲೈ 24ರಂದು ಜಲಪಾತದ ಕೆಳಗಿನ ವರ್ಲ್‌ಪೂಲ್ ರ‍್ಯಾಪಿಡ್ಸ್‌ಗೆ ಇಳಿದರು. ಕಮರಿ ಅಲ್ಲಿ ಕಿರಿದಾಗುತ್ತದೆ, ಇಡೀ ನದಿ ಅಷ್ಟೇ ಜಾಗದಲ್ಲಿ ನುಗ್ಗಿ ಅಲೆಗಳು ಮನೆಯೆತ್ತರ ಏಳುತ್ತವೆ. ವೆಬ್ ಸ್ವಲ್ಪ ಹೊತ್ತು ಕಂಡರು, ಆಮೇಲೆ ಕಾಣಲಿಲ್ಲ. ಕೆಲವು ದಿನಗಳ ನಂತರ ಹೆಣ ಸಿಕ್ಕಿತು.

ಇದೇ ಸೆಳವನ್ನು 1886ರಲ್ಲಿ ಕಾರ್ಲೈಲ್ ಗ್ರಹಾಂ ಪೀಪಾಯಿಯಲ್ಲಿ ಕೂತು ದಾಟಿದರು. ಅವರ ಕಸುಬೇ ಪೀಪಾಯಿ ಮಾಡುವುದು. ನಯಾಗರಕ್ಕೆ ಪೀಪಾಯಿ ಬಂದದ್ದು ಹೀಗೆ. 1901ರ ಸೆಪ್ಟೆಂಬರ್‌ನಲ್ಲಿ ಮಾಡ್ ವಿಲರ್ಡ್ ಎಂಬ ನಟಿ ಗ್ರಹಾಂ ಅವರದೇ ಪೀಪಾಯಿಯಲ್ಲಿ, ತಮ್ಮ ನಾಯಿಯ ಜೊತೆ ಕೂತು ಹೊರಟರು. ಪೀಪಾಯಿ ಸುಳಿಗೆ ಸಿಕ್ಕಿ ಗಂಟೆಗಟ್ಟಲೆ ತಿರುಗುತ್ತಲೇ ಇತ್ತು. ಹೊರಗೆ ತೆಗೆದಾಗ ನಾಯಿ ಬದುಕಿತ್ತು, ಅವರು ಉಸಿರುಗಟ್ಟಿ ಸತ್ತಿದ್ದರು. ಗಾಳಿ ಬರುವ ತೂತಿಗೆ ನಾಯಿ ಮೂತಿ ಒತ್ತಿಕೊಂಡಿತ್ತು ಅಂತ ಹೇಳುತ್ತಾರೆ.

ಪೀಪಾಯಿಯಲ್ಲಿ ಜಲಪಾತದಿಂದಲೇ ಬಿದ್ದು ಮೊದಲು ಬದುಕಿದವರು ಯಾರು?

ಆನಿ ಎಡ್ಸನ್ ಟೇಲರ್. ವಿಲರ್ಡ್ ಸತ್ತು ಎರಡು ತಿಂಗಳೂ ಆಗಿರಲಿಲ್ಲ. 1901ರ ಅಕ್ಟೋಬರ್ 24, ಅದು ಟೇಲರ್ ಅವರ 63ನೇ ಹುಟ್ಟುಹಬ್ಬ. ಪತ್ರಿಕೆಯವರಿಗೆ ಹೇಳಿದ ವಯಸ್ಸು ಮಾತ್ರ ಇಪ್ಪತ್ತು ವರ್ಷ ಕಮ್ಮಿ.

ಇವರ ಬಗ್ಗೆ ಬರೆಯುವಾಗ ನನಗೆ ಮನಸ್ಸು ಭಾರವಾಗುತ್ತದೆ. ಇವರು ಸಾಹಸದ ಹುಚ್ಚಿನವರಲ್ಲ. ಗಂಡನನ್ನು ಕಳೆದುಕೊಂಡವರು, ಮೇಷ್ಟರ ಕೆಲಸ ಮಾಡಿ, ನೃತ್ಯ ಕಲಿಸಿ, ಊರೂರು ಅಲೆದು ಬದುಕು ಸಾಗಿಸಿದವರು. ವಯಸ್ಸಾಯಿತು, ಕೈಯಲ್ಲಿ ದುಡ್ಡಿಲ್ಲ. ಬಡವರ ಆಶ್ರಯಮನೆ ಸೇರುವ ಬದಲು ಒಂದೇ ಸಲ ಹೆಸರು, ದುಡ್ಡು ಎರಡನ್ನೂ ಮಾಡಿಕೊಳ್ಳೋಣ ಅಂತ ಹೊರಟರು.

ಪೀಪಾಯಿಯನ್ನು ತಾವೇ ಯೋಚಿಸಿ ಓಕ್ ಮರದಲ್ಲಿ ಮಾಡಿಸಿದರು. ಸುತ್ತ ಕಬ್ಬಿಣದ ಪಟ್ಟಿ, ಒಳಗೆ ಹಾಸಿಗೆಯ ಮೆತ್ತೆ. ಪೀಪಾಯಿ ನೆಟ್ಟಗೆ ತೇಲಲಿ ಅಂತ ತಳದಲ್ಲಿ ಕಮ್ಮಾರರು ಬಳಸುವ ಅಡಿಗಲ್ಲಿನ ಭಾರ. ಒಂದೆರಡು ದಿನ ಮುಂಚೆ ಬೆಕ್ಕೊಂದನ್ನು ಅದರಲ್ಲಿ ಕಳಿಸಿ ನೋಡಿದರು, ಬದುಕಿತು. ಆ ದಿನ ದೋಣಿಯಲ್ಲಿ ನದಿ ನಡುವೆ ಕರೆದೊಯ್ದರು. ಅದೃಷ್ಟದ್ದು ಅಂತ ನಂಬಿದ್ದ ಹೃದಯದ ಆಕಾರದ ದಿಂಬನ್ನು ಹಿಡಿದುಕೊಂಡು ಒಳಗೆ ಕೂತರು. ಮುಚ್ಚಳ ಬಿಗಿದರು. ಸೈಕಲ್ ಪಂಪಿನಿಂದ ಒಳಗೆ ಗಾಳಿ ತುಂಬಿ, ತೂತಿಗೆ ಬಿರಡೆ ಹಾಕಿದರು. ಹಗ್ಗ ಬಿಚ್ಚಿದರು.

ಕೆಳಗೆ ಪೀಪಾಯಿ ಎಳೆದು ತಂದು ತೆರೆದಾಗ ತಲೆಗೆ ಒಂದು ಗಾಯ, ಮೈಯೆಲ್ಲ ನೋವು. ಆದರೆ ಜೀವಂತ. ಅವರು ಆಮೇಲೆ ಹೇಳಿದ್ದಿಷ್ಟು: ಫಿರಂಗಿಯ ಬಾಯಿ ಎದುರು ನಿಂತರೂ ನಿಂತೇನು, ಇನ್ನೊಂದು ಸಲ ಜಲಪಾತದಲ್ಲಿ ಬೀಳಲಾರೆ.

ದುಡ್ಡು ಬಂತಾ ಹಾಗಾದರೆ?

ಬರಲಿಲ್ಲ. ಒಂದಷ್ಟು ಭಾಷಣ ಮಾಡಿದರು. ಮ್ಯಾನೇಜರ್ ಪೀಪಾಯಿ ತೆಗೆದುಕೊಂಡು ಪರಾರಿಯಾದ. ಅದನ್ನು ಹುಡುಕಿಸಲು ಇದ್ದಬದ್ದ ದುಡ್ಡೂ ಖರ್ಚಾಯಿತು. ಮುಂದಿನ ವರ್ಷಗಳಲ್ಲಿ ನಯಾಗರದ ಬೀದಿಯಲ್ಲೇ ಪ್ರವಾಸಿಗರಿಗೆ ತಮ್ಮ ಫೋಟೋ ಇರುವ ಕಾರ್ಡು ಮಾರಿ ಬದುಕಿದರು. 1921ರಲ್ಲಿ, 82ನೇ ವಯಸ್ಸಿನಲ್ಲಿ, ಸರ್ಕಾರದ ಆಶ್ರಯಮನೆಯಲ್ಲಿ ತೀರಿಕೊಂಡರು. ಯಾವುದಕ್ಕೆ ಹೆದರಿ ಪೀಪಾಯಿ ಹತ್ತಿದ್ದರೋ ಅಲ್ಲೇ.

ಟೇಲರ್ ನಂತರ ಯಾರು?

ಬಾಬಿ ಲೀಚ್, 1911ರ ಜುಲೈ 25. ಉಕ್ಕಿನ ಪೀಪಾಯಿ. ಎರಡೂ ಮಂಡಿಚಿಪ್ಪು ಮತ್ತು ದವಡೆ ಮುರಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಹದಿನೈದು ವರ್ಷದ ನಂತರ ನ್ಯೂಜಿಲೆಂಡ್‌ನಲ್ಲಿ ಕಿತ್ತಳೆ ಸಿಪ್ಪೆ ಮೇಲೆ ಕಾಲಿಟ್ಟು ಜಾರಿದರು. ಕಾಲಿನ ಗಾಯ ಕೊಳೆತು, ಕಾಲು ಕತ್ತರಿಸಿದರೂ ಉಳಿಯಲಿಲ್ಲ.

ಚಾರ್ಲ್ಸ್ ಸ್ಟೀಫನ್ಸ್, 1920ರ ಜುಲೈ 11. ಇಂಗ್ಲೆಂಡಿನ ಬ್ರಿಸ್ಟಲ್‌ನ ಕ್ಷೌರಿಕರು, ದೊಡ್ಡ ಸಂಸಾರವಂದಿಗರು. ಪೀಪಾಯಿಯನ್ನು ಮೊದಲು ಖಾಲಿ ಬಿಟ್ಟು ನೋಡಿ ಅಂತ ಲೀಚ್ ಮತ್ತು ನದಿ ಬಲ್ಲ ರೆಡ್ ಹಿಲ್ ಇಬ್ಬರೂ ಹೇಳಿದರು. ಕೇಳಲಿಲ್ಲ. ಭಾರಕ್ಕೆ ಅಂತ ಅಡಿಗಲ್ಲನ್ನು ಕಾಲಿಗೇ ಕಟ್ಟಿಕೊಂಡಿದ್ದರು. ಬಿದ್ದ ಹೊಡೆತಕ್ಕೆ ಅದು ಪೀಪಾಯಿಯ ತಳ ಒಡೆದುಕೊಂಡು ಹೋಯಿತು, ಅವರನ್ನೂ ಎಳೆದುಕೊಂಡು. ಸಿಕ್ಕಿದ್ದು ಹಚ್ಚೆ ಹಾಕಿದ ಬಲಗೈ ಒಂದೇ. ಟೇಲರ್ ಅವರ ಅಡಿಗಲ್ಲು ಪೀಪಾಯಿಯ ತಳದಲ್ಲಿತ್ತು, ಇವರದು ಕಾಲಿನಲ್ಲಿತ್ತು.

1928ರ ಜುಲೈ 4ರಂದು ಝಾನ್ ಲುಸಿಯೆ ಮರ, ಉಕ್ಕು ಎರಡನ್ನೂ ಬಿಟ್ಟು ದೊಡ್ಡ ರಬ್ಬರ್ ಚೆಂಡಿನೊಳಗೆ ಕೂತರು. ಒಳಗೆ ಗಾಳಿ ತುಂಬಿದ ಟ್ಯೂಬುಗಳು. ಸಣ್ಣಪುಟ್ಟ ಗಾಯದಲ್ಲಿ ಬಚಾವಾದರು.

1930ರ ಜುಲೈ 5ರಂದು ಜಾರ್ಜ್ ಸ್ಟಾಥಾಕಿಸ್, ಬಫಲೊ ಊರಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಗ್ರೀಕ್ ಮೂಲದವರು, ತಮ್ಮ ಸಾಕಿದ ಆಮೆ ಸನ್ನಿ ಬಾಯ್ ಜೊತೆ ಇಳಿದರು. ಬಿದ್ದದ್ದರಿಂದ ಅವರು ಸಾಯಲಿಲ್ಲ. ಪೀಪಾಯಿ ನೀರಿನ ಪರದೆಯ ಹಿಂದೆ ಸಿಕ್ಕಿಕೊಂಡಿತು. ಹತ್ತಾರು ಗಂಟೆ ಹೊರಗೆ ಬರಲೇ ಇಲ್ಲ. ಗಾಳಿ ಮುಗಿಯಿತು. ಆಮೆ ಮಾತ್ರ ಉಳಿಯಿತು.

ಅಷ್ಟು ಎತ್ತರದಿಂದ ಬಿದ್ದರೂ ಕೆಲವರು ಬದುಕುವುದು ಹೇಗೆ?

57 ಮೀಟರ್ ಎತ್ತರದಿಂದ ಬೀಳುವ ವಸ್ತು ಮೂರೂವರೆ ಸೆಕೆಂಡಿನೊಳಗೆ ಕೆಳಗಿರುತ್ತದೆ. ಗುರುತ್ವಾಕರ್ಷಣೆಯ ಲೆಕ್ಕದಲ್ಲಿ ವೇಗ ಗಂಟೆಗೆ ಸುಮಾರು 120 ಕಿಲೋಮೀಟರ್. ಆ ವೇಗದಲ್ಲಿ ನಿಂತ ನೀರು ಕಲ್ಲಿನ ಹಾಗೆ ಹೊಡೆಯುತ್ತದೆ. ಹಾರ್ಸ್‌ಶೂ ಬುಡದ ನೀರು ನಿಂತ ನೀರಲ್ಲ. ಗಾಳಿ ಬೆರೆತು ಬೆಳ್ಳಗೆ ನೊರೆಯಾಗಿರುತ್ತದೆ. ನೊರೆ ಮೆತ್ತಗಿರುತ್ತದೆ, ಹೊಡೆತವನ್ನು ಒಂದಿಷ್ಟು ತಾನೇ ನುಂಗುತ್ತದೆ. ಕೆಳಗೆ ಮಡುವೂ ಆಳ.

ಅದೇ ನೊರೆಯಲ್ಲಿ ಈಜಲು ಆಗುವುದಿಲ್ಲ, ಯಾಕೆಂದರೆ ಅದು ಮೈಯನ್ನು ತೇಲಿಸುವುದಿಲ್ಲ. ಜೊತೆಗೆ ಬೀಳುವ ನೀರು ಹಿಂದಕ್ಕೆ ಸುರುಳಿಯಾಗಿ ಪರದೆಯ ಒಳಗೇ ಎಳೆಯುತ್ತದೆ. ಪೀಪಾಯಿ ಹೊರಕ್ಕೆ ಚಿಮ್ಮುತ್ತದೋ, ಒಳಗೇ ಸಿಕ್ಕಿಕೊಳ್ಳುತ್ತದೋ ಅನ್ನುವುದನ್ನು ಒಳಗೆ ಕೂತವರು ತೀರ್ಮಾನಿಸುವುದಿಲ್ಲ.

ಪೀಪಾಯಿಯೇ ಇಲ್ಲದೆ ಒಬ್ಬ ಹುಡುಗ ಬದುಕಿದನಂತೆ?

ಹೌದು, ಆದರೆ ಅದು ಸಾಹಸವಲ್ಲ, ಅವಘಡ. 1960ರ ಜುಲೈ 9ರಂದು ಮೇಲಿನ ನದಿಯಲ್ಲಿ ಅಕ್ಕ, ತಮ್ಮ ಮತ್ತು ಅವರ ಮನೆಯವರಿಗೆ ಪರಿಚಯದವರೊಬ್ಬರು ದೋಣಿಯಲ್ಲಿ ಹೋಗಿದ್ದರು. ದೋಣಿ ಕೆಟ್ಟು, ಸೆಳವಿಗೆ ಸಿಕ್ಕು ಮಗುಚಿತು. ಏಳು ವರ್ಷದ ಹುಡುಗ ಬರೀ ಲೈಫ್ ಜಾಕೆಟ್‌ನಲ್ಲಿ ಹಾರ್ಸ್‌ಶೂನಿಂದ ಕೆಳಗೆ ಬಿದ್ದ. ಮೇಡ್ ಆಫ್ ದಿ ಮಿಸ್ಟ್ ಎಂಬ ಪ್ರವಾಸಿ ದೋಣಿಯವರು ತೇಲುವ ಬಳೆ ಎಸೆದು ಎತ್ತಿಕೊಂಡರು. ದೋಣಿ ನಡೆಸುತ್ತಿದ್ದವರು ಉಳಿಯಲಿಲ್ಲ.

17 ವರ್ಷದ ಅಕ್ಕ ಜಲಪಾತದ ಅಂಚಿನವರೆಗೂ ಕೊಚ್ಚಿಕೊಂಡು ಬಂದಿದ್ದಳು. ದಡದಲ್ಲಿದ್ದ ಪ್ರವಾಸಿಯೊಬ್ಬರು ಕಂಬಿ ದಾಟಿ ಕೈ ಚಾಚಿದರು. ಅವಳ ಬೆರಳಿಗೆ ಸಿಕ್ಕಿದ್ದು ಅವರ ಹೆಬ್ಬೆರಳು. ಅಂಚಿಗೆ ಇನ್ನು ಕೆಲವೇ ಅಡಿ ಇತ್ತು. ಎಳೆದುಕೊಂಡರು. ದಡಕ್ಕೆ ಬಂದ ಕೂಡಲೇ ಅವಳು ಕೇಳಿದ್ದು ತಮ್ಮನ ಬಗ್ಗೆ.

ಕಾನೂನು ಯಾವಾಗ ಬಿಗಿಯಾಯಿತು?

1951ರ ಆಗಸ್ಟ್ 5ರ ಘಟನೆಯ ನಂತರ. ಮೇಲೆ ಹೇಳಿದ ರೆಡ್ ಹಿಲ್ ನಯಾಗರದಲ್ಲಿ ಎಷ್ಟೋ ಜೀವ ಉಳಿಸಿದವರು. ಸ್ಟಾಥಾಕಿಸ್ ಪೀಪಾಯಿಯನ್ನು ದಡಕ್ಕೆ ತಂದವರೂ ಅವರೇ. ಅವರ ಮಗ, ಕಿರಿಯ ರೆಡ್ ಹಿಲ್, ಹದಿಮೂರು ರಬ್ಬರ್ ಟ್ಯೂಬುಗಳನ್ನು ಬಲೆಯಲ್ಲಿ ಬಿಗಿದ ಒಂದು ತೆಪ್ಪದಲ್ಲಿ ಬಿದ್ದರು. ಅದಕ್ಕೆ 'ದಿ ಥಿಂಗ್' ಅಂತ ಹೆಸರಿಟ್ಟಿದ್ದರು. ಕೆಳಗೆ ತೇಲಿ ಬಂದದ್ದು ಹರಿದ ಟ್ಯೂಬುಗಳು. ಅವರ ತಾಯಿ ದಡದಲ್ಲೇ ನಿಂತಿದ್ದರು. ಆಮೇಲೆ ಒಂಟಾರಿಯೊ ಸರ್ಕಾರ ಇಂಥವನ್ನು ತಡೆಯಲು ಪೊಲೀಸರಿಗೆ ಕಟ್ಟುನಿಟ್ಟಾಗಿ ಹೇಳಿತು.

ಅಷ್ಟಾದರೂ ನಿಂತಿಲ್ಲ. 1961ರಲ್ಲಿ ನೇಥನ್ ಬೋಯಾ ಗುಂಡನೆಯ ಚೆಂಡಿನಲ್ಲಿ ಬಿದ್ದು ಬದುಕಿ ದಂಡ ಕಟ್ಟಿದರು. 1984ರಲ್ಲಿ ಕಾರೆಲ್ ಸೌಚೆಕ್ ಬದುಕಿದರು. ಆದರೆ 1985ರ ಜನವರಿಯಲ್ಲಿ ಹ್ಯೂಸ್ಟನ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ಎತ್ತರದಿಂದ ನೀರಿನ ತೊಟ್ಟಿಗೆ ಪೀಪಾಯಿ ಬೀಳಿಸುವ ಪ್ರದರ್ಶನದಲ್ಲಿ, ಪೀಪಾಯಿ ತೊಟ್ಟಿಯ ಅಂಚಿಗೆ ಬಡಿದು ತೀರಿಕೊಂಡರು. 1990ರಲ್ಲಿ ಒಬ್ಬರು ಕಯಾಕ್‌ನಲ್ಲಿ, 1995ರಲ್ಲಿ ಇನ್ನೊಬ್ಬರು ಜೆಟ್ ಸ್ಕೀಯಲ್ಲಿ ಬಂದು ಸತ್ತರು. ಎರಡನೆಯವರ ಪ್ಯಾರಾಚೂಟ್ ಕೈಕೊಟ್ಟಿತು.

ಈಗ ಅನುಮತಿ ಇಲ್ಲದೆ ಸಾಹಸಕ್ಕೆ ಇಳಿದರೆ ಕೆನಡಾ ಕಡೆ 10,000 ಡಾಲರ್‌ವರೆಗೆ ದಂಡ ಬೀಳಬಹುದು. ಸಿಕ್ಕಿಕೊಂಡವರನ್ನು ತರಲು ಹೋಗುವವರ ಜೀವವೂ ಅದೇ ನೀರಿನಲ್ಲಿ ಇರುತ್ತದೆ. ದಂಡ ಇನ್ನೂ ಜಾಸ್ತಿ ಇದ್ದರೂ ನಾನು ಒಪ್ಪುತ್ತಿದ್ದೆ.

2012ರಲ್ಲಿ ತಂತಿಯ ಮೇಲೆ ನಡೆದು ದಾಟಲು ನಿಕ್ ವಾಲೆಂಡಾಗೆ ಅನುಮತಿ ಕೊಟ್ಟದ್ದು ಹೇಗೆ ಮತ್ತೆ?

ಎರಡೂ ದೇಶದಲ್ಲಿ ತಿಂಗಳುಗಟ್ಟಲೆ ಓಡಾಡಿ ಪಡೆದರು. ನ್ಯೂಯಾರ್ಕ್ ರಾಜ್ಯ ಇದಕ್ಕಾಗಿಯೇ ಕಾನೂನು ಮಾಡಿತು. ಕೆನಡಾ ಕಡೆಯ ನಯಾಗರ ಪಾರ್ಕ್ಸ್ ಆಯೋಗ ಮೊದಲು ಬೇಡ ಅಂದು ಆಮೇಲೆ ಒಪ್ಪಿತು. ಇಪ್ಪತ್ತು ವರ್ಷಕ್ಕೆ ಒಂದು ಸಲ ಮಾತ್ರ ಇಂಥದ್ದನ್ನು ಪರಿಗಣಿಸುತ್ತೇವೆ ಅಂತಲೂ ಹೇಳಿತು.

ಜೂನ್ 15ರ ರಾತ್ರಿ ವಾಲೆಂಡಾ ದಾಟಿದ್ದು ಕಮರಿಯನ್ನಲ್ಲ, ಹಾರ್ಸ್‌ಶೂ ಜಲಪಾತದ ನೆತ್ತಿಯನ್ನೇ. ಬ್ಲಾಂಡಿನ್ ಕಾಲದಲ್ಲಿ ಯಾರೂ ಮಾಡದ್ದು. ಸುಮಾರು 550 ಮೀಟರ್ ಉದ್ದದ, ಐದು ಸೆಂಟಿಮೀಟರ್ ದಪ್ಪದ ಉಕ್ಕಿನ ತಂತಿ. ಕೆಳಗಿನಿಂದ ಏಳುವ ತುಂತುರು ಮಳೆಯಂತೆ ಮುಖಕ್ಕೆ ಹೊಡೆಯುತ್ತಿತ್ತು, ತಂತಿಯೂ ಒದ್ದೆ. ನೇರ ಪ್ರಸಾರ ಮಾಡಿದ ಟಿವಿ ವಾಹಿನಿಯ ಹಟಕ್ಕೆ ಸೊಂಟಕ್ಕೆ ಸುರಕ್ಷೆಯ ಹಗ್ಗ ಕಟ್ಟಿಕೊಂಡಿದ್ದರು. ಅದು ಅವರಿಗೆ ಇಷ್ಟವಿರಲಿಲ್ಲ. ನನಗೆ ಮಾತ್ರ ಆ ಹಗ್ಗ ನೋಡಿ ಸಮಾಧಾನ. ಅದು ನಡೆಯುವುದನ್ನು ಸುಲಭ ಮಾಡುವುದಿಲ್ಲ, ಮನೆಗೆ ಹೋಗುವುದನ್ನು ಖಾತ್ರಿ ಮಾಡುತ್ತದೆ. ಅರ್ಧ ಗಂಟೆಯೊಳಗೆ ಆ ದಡ ಮುಟ್ಟಿದರು. ಅಲ್ಲಿ ಕಾಯುತ್ತಿದ್ದ ಕೆನಡಾ ಅಧಿಕಾರಿಗಳಿಗೆ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ತೋರಿಸಿದರು.

ಇವರ ನೆನಪಿಗೆ ಅಲ್ಲಿ ಏನಾದರೂ ಇದೆಯಾ?

ಅಮೆರಿಕ ಕಡೆಯ ನಯಾಗರ ಫಾಲ್ಸ್ ಊರಿನಲ್ಲಿ ಓಕ್‌ವುಡ್ ಸ್ಮಶಾನ ಇದೆ. ಇಂಗ್ಲಿಷ್ ಕಾಲುವೆ ಗೆದ್ದ ವೆಬ್ ಅಲ್ಲೇ ಮಲಗಿದ್ದಾರೆ. ಪೀಪಾಯಿಯ ಗ್ರಹಾಂ ಅಲ್ಲೇ ಇದ್ದಾರೆ. ಆನಿ ಟೇಲರ್ ಕೂಡ. ಟೇಲರ್ ಅವರ ಕಲ್ಲಿನ ಮೇಲೆ ಹಾರ್ಸ್‌ಶೂನಿಂದ ಪೀಪಾಯಿಯಲ್ಲಿ ಬಿದ್ದ ಮೊದಲಿಗರು ಅಂತ ಬರೆದಿದೆ, ಜೊತೆಗೆ ಅವರು ಬದುಕಿದರು ಅಂತಲೂ.